ಫೈಬರ್ ಲೇಸರ್‌ಗಳ ಸಂಸಕ್ತ ಸಂಯೋಜನೆ

ಫೈಬರ್ ಲೇಸರ್‌ಗಳ ಸಂಸಕ್ತ ಸಂಯೋಜನೆ ಎಂಬುದು ಅನೇಕ ಫೈಬರ್ ವರ್ಧಕಗಳಿಂದ ಹೊರಬರುವ ಕಿರಣಗಳ ಅಲೆಗಳನ್ನು ಒಂದಕ್ಕೊಂದು ಹೊಂದಿಸಿ, ಅವನ್ನು ಒಂದೇ ಪ್ರಬಲ ಕಿರಣವನ್ನಾಗಿ ಕೂಡಿಸುವ ತಂತ್ರ. ಲೇಸರಿನ ಪ್ರತಿಯೊಂದು ಸ್ಪಂದವೂ (ಪಲ್ಸ್) ಹೆಚ್ಚು ಶಕ್ತಿಯದ್ದಾಗಿರಬೇಕು, ಜೊತೆಗೆ ಅಂಥ ಸ್ಪಂದಗಳು ಸೆಕೆಂಡಿಗೆ ಸಾವಿರಾರು ಬಾರಿ ಹೊಮ್ಮಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸುವುದು ಇದರ ಗುರಿ.

ಹಿನ್ನೆಲೆ

ಸ್ಪಂದವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ವರ್ಧಿಸಿ, ಅನಂತರ ಮತ್ತೆ ಕುಗ್ಗಿಸುವ ವಿಧಾನವನ್ನು ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ 1985ರಲ್ಲಿ ಪ್ರಕಟಿಸಿದರು. ಇದಕ್ಕಾಗಿ ಅವರಿಗೆ 2018ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಈ ವಿಧಾನದಿಂದ ಪೆಟಾವ್ಯಾಟ್ ಲೇಸರ್‌ಗಳು ಸಾಧ್ಯವಾದವು. ಆದರೆ ಅವು ನಿಧಾನಗತಿಯವು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಬೆಲ್ಲಾ ಲೇಸರ್ ಸುಮಾರು 40 ಜೂಲ್ ಶಕ್ತಿಯ ಸ್ಪಂದಗಳನ್ನು ಸೆಕೆಂಡಿಗೆ ಒಂದರಂತೆ ಕೊಡುತ್ತದೆ. ಅಂದರೆ ಕ್ಷಣಮಾತ್ರದ ಸಾಮರ್ಥ್ಯ ಪೆಟಾವ್ಯಾಟ್ ಆದರೂ ಸರಾಸರಿ ಸಾಮರ್ಥ್ಯ ಒಂದು ಸಾಧಾರಣ ವಿದ್ಯುತ್ ದೀಪದಷ್ಟು. ಟೈಟಾನಿಯಂ-ಸಫೈರ್ ಹರಳು ಬಿಸಿಯಾಗುವುದು ಮತ್ತು ಅದಕ್ಕೆ ಶಕ್ತಿಯೂಡುವ ಲೇಸರ್‌ಗಳ ದಕ್ಷತೆ ಕಡಿಮೆಯಿರುವುದು ಇದಕ್ಕೆ ಮುಖ್ಯ ಕಾರಣಗಳು.

ಯಟರ್ಬಿಯಂ ಬೆರೆಸಿದ ಗಾಜಿನ ಫೈಬರ್‌ಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಅದು ಉದ್ದವೂ ತೆಳುವೂ ಆಗಿರುವುದರಿಂದ ಶಾಖ ಬೇಗ ಹೊರಹೋಗುತ್ತದೆ, ಡಯೋಡ್‌ಗಳಿಂದಲೇ ನೇರವಾಗಿ ಶಕ್ತಿ ತುಂಬಬಹುದು. ಆದರೆ ತೆಳುವಾಗಿರುವುದೇ ಅದರ ದೌರ್ಬಲ್ಯವೂ ಹೌದು. ಕೆಲವೇ ಹತ್ತು ಮೈಕ್ರೋಮೀಟರ್ ಅಗಲದ ತಿರುಳಿನಲ್ಲಿ ಬೆಳಕು ಕಿಕ್ಕಿರಿಯುತ್ತದೆ. ಸಾಮರ್ಥ್ಯವು ಸುಮಾರು 4 ಮೆಗಾವ್ಯಾಟ್ ದಾಟಿದರೆ ಕಿರಣ ತಾನಾಗಿಯೇ ಒಳಕ್ಕೆ ಸಂಕುಚಿಸಿ ಗಾಜನ್ನು ಹಾಳುಮಾಡುತ್ತದೆ. ಸ್ಪಂದವನ್ನು ಹಿಗ್ಗಿಸಿದರೂ ಒಂದು ಫೈಬರ್‌ನಿಂದ ದೊರೆಯುವ ಶಕ್ತಿ ಮಿಲಿಜೂಲ್‌ಗಳ ಮಟ್ಟದಲ್ಲೇ ನಿಲ್ಲುತ್ತದೆ. ಸರಾಸರಿ ಸಾಮರ್ಥ್ಯವನ್ನು ಏರಿಸುತ್ತ ಹೋದಾಗ ಶಾಖದಿಂದ ಕಿರಣದ ಆಕಾರವೇ ಹೊಯ್ದಾಡತೊಡಗುತ್ತದೆ ಎಂಬುದೂ 2010ರ ಆಸುಪಾಸಿನಲ್ಲಿ ಕಂಡುಬಂದಿತು. ಆದ್ದರಿಂದ ಒಂದೇ ಫೈಬರ್ ಅನ್ನು ಬಲಪಡಿಸುವ ಬದಲು ಹಲವನ್ನು ಕೂಡಿಸುವ ದಾರಿ ಮುಂದೆ ಬಂದಿತು.

ಕಾರ್ಯವಿಧಾನ

ಒಂದೇ ಮೂಲ ಲೇಸರಿನ ಬೆಳಕನ್ನು ಹಲವು ಕವಲುಗಳಾಗಿ ಒಡೆದು, ಪ್ರತಿ ಕವಲನ್ನು ಪ್ರತ್ಯೇಕ ಫೈಬರ್‌ನಲ್ಲಿ ವರ್ಧಿಸಿ, ಕೊನೆಗೆ ಮತ್ತೆ ಕೂಡಿಸಲಾಗುತ್ತದೆ. ಮೂಲ ಒಂದೇ ಆಗಿರುವುದರಿಂದಲೇ ಕವಲುಗಳ ನಡುವೆ ಸ್ಥಿರವಾದ ಪ್ರಾವಸ್ಥಾ ಸಂಬಂಧವನ್ನು ಕಾಯ್ದುಕೊಳ್ಳಲು ಸಾಧ್ಯ. ಎರಡು ಸಮಾನ ಕಿರಣಗಳನ್ನು ಕಿರಣವಿಭಾಜಕದ ಮೇಲೆ ಹಾಯಿಸಿದಾಗ ಅಲೆಗಳು ಸರಿಯಾಗಿ ಹೊಂದಿದ್ದರೆ ಎಲ್ಲ ಬೆಳಕೂ ಒಂದೇ ದಿಕ್ಕಿನಲ್ಲಿ ಹೊರಡುತ್ತದೆ. ಒಂದು ಅಲೆ ಅರ್ಧ ತರಂಗಾಂತರದಷ್ಟು ಹಿಂದೆ ಬಿದ್ದರೆ ಎಲ್ಲವೂ ಇನ್ನೊಂದು ದಿಕ್ಕಿಗೆ ಹೋಗಿ ವ್ಯರ್ಥವಾಗುತ್ತದೆ. ಇಲ್ಲಿ ತರಂಗಾಂತರ ಸುಮಾರು 1 ಮೈಕ್ರೋಮೀಟರ್. ಉಷ್ಣತೆಯ ಸಣ್ಣ ಏರಿಳಿತ, ಮೇಜಿನ ಕಂಪನ ಕೂಡ ಫೈಬರ್‌ನ ಉದ್ದವನ್ನು ಅದಕ್ಕಿಂತ ಹೆಚ್ಚು ಬದಲಿಸಬಲ್ಲದು. ಹಾಗಾಗಿ ಪ್ರತಿ ಕವಲಿನ ಪ್ರಾವಸ್ಥೆಯನ್ನು ಎಡೆಬಿಡದೆ ಅಳೆದು, ವಿದ್ಯುತ್ತಿನಿಂದ ಹಿಗ್ಗಿ ಕುಗ್ಗುವ ಪೀಜೋ ಸಾಧನಗಳಂಥವುಗಳ ಮೂಲಕ ಸರಿಪಡಿಸುತ್ತಿರಬೇಕು. ಫೆಮ್ಟೋಸೆಕೆಂಡ್ ಸ್ಪಂದಗಳಾದರೆ ಅಲೆ ಹೊಂದಿದರಷ್ಟೇ ಸಾಲದು, ಸ್ಪಂದಗಳು ಒಂದೇ ಸಮಯಕ್ಕೆ ಬಂದು ಸೇರಲೂಬೇಕು: 300 ಫೆಮ್ಟೋಸೆಕೆಂಡಿನ ಸ್ಪಂದದ ಉದ್ದ 90 ಮೈಕ್ರೋಮೀಟರ್ ಮಾತ್ರ.

ಕೂಡಿಸುವ ಬಗೆಗಳು ಎರಡು. ಕಿರಣಗಳನ್ನು ಒಂದರ ಮೇಲೊಂದು ಹೇರುವುದು ಮೊದಲನೆಯದು. ಇದರಲ್ಲಿ ನಷ್ಟ ಕಡಿಮೆ, ಆದರೆ ಕವಲುಗಳು ಹೆಚ್ಚಿದಂತೆ ಜೋಡಣೆ ಜಟಿಲವಾಗುತ್ತದೆ. ಎರಡನೆಯದರಲ್ಲಿ ಕಿರಣಗಳನ್ನು ಜೇನುಹುಟ್ಟಿನ ಕೋಶಗಳಂತೆ ಅಕ್ಕಪಕ್ಕ ಇರಿಸಿ ದೂರದಲ್ಲಿ ಒಂದಾಗಲು ಬಿಡಲಾಗುತ್ತದೆ. ಇದನ್ನು ಸಾವಿರಾರು ಫೈಬರ್‌ಗಳಿಗೆ ವಿಸ್ತರಿಸುವುದು ಸುಲಭ. ಆದರೆ ಬೆಳಕಿನ ಗಣನೀಯ ಭಾಗ ಮಧ್ಯದ ಚುಕ್ಕೆಯಿಂದ ಆಚೆಗೆ ಚದುರುತ್ತದೆ.

ಐಕ್ಯಾನ್ ಮತ್ತು ನಂತರದ ಪ್ರಯೋಗಗಳು

ಮೂರೂ ಅವರ ನೇತೃತ್ವದಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ಐಕ್ಯಾನ್ ಯೋಜನೆ ಈ ಕಲ್ಪನೆಗೆ ದೊಡ್ಡ ರೂಪ ಕೊಟ್ಟಿತು. 10 ಜೂಲ್‌ನ ಸ್ಪಂದಗಳನ್ನು ಸೆಕೆಂಡಿಗೆ 10,000 ಬಾರಿ ಪಡೆಯುವುದೆಂದರೆ 100 ಕಿಲೋವ್ಯಾಟ್ ಸರಾಸರಿ ಸಾಮರ್ಥ್ಯ. ಒಂದು ಫೈಬರ್‌ಗೆ 1 ಮಿಲಿಜೂಲ್ ಎಂದಿಟ್ಟುಕೊಂಡರೆ ನಷ್ಟವನ್ನು ಲೆಕ್ಕಿಸದೆಯೂ 10,000 ಫೈಬರ್‌ಗಳು ಬೇಕು.

ಇದುವರೆಗಿನ ಪ್ರಯೋಗಗಳು ಈ ಗುರಿಯ ಬೇರೆ ಬೇರೆ ತುದಿಗಳನ್ನು ಮುಟ್ಟಿವೆ. ಜರ್ಮನಿಯ ಯೇನಾದ ತಂಡವು 2020ರಲ್ಲಿ 12 ವರ್ಧಕಗಳಿಂದ 10.4 ಕಿಲೋವ್ಯಾಟ್ ಪಡೆಯಿತು. ಆದರೆ ಸ್ಪಂದಗಳ ಆವೃತ್ತಿ 80 ಮೆಗಾಹರ್ಟ್ಸ್ ಆಗಿದ್ದುದರಿಂದ ಒಂದೊಂದರ ಶಕ್ತಿ ಕೇವಲ 0.13 ಮಿಲಿಜೂಲ್, ಸರಾಸರಿ ಸಾಮರ್ಥ್ಯದ ಅಂಕಿಯನ್ನಷ್ಟೇ ನೋಡಿ ಈ ಲೇಸರ್‌ಗಳನ್ನು ಹೋಲಿಸುವುದು ಸರಿಯಲ್ಲ. ಅದೇ ವರ್ಷ ಫ್ರಾನ್ಸಿನ ಎಕ್ಸ್‌ಕ್ಯಾನ್ ಯೋಜನೆಯಲ್ಲಿ 61 ಫೈಬರ್‌ಗಳನ್ನು ಅಕ್ಕಪಕ್ಕದ ಬಗೆಯಲ್ಲಿ ಕೂಡಿಸಲಾಯಿತು. ಪ್ರಾವಸ್ಥೆಯ ದೋಷ ತರಂಗಾಂತರದ 90ನೇ ಒಂದು ಭಾಗಕ್ಕಿಳಿದರೂ ಸಂಯೋಜನೆಯ ದಕ್ಷತೆ ಸುಮಾರು ಶೇ. 50 ಮಾತ್ರ.

ಪ್ರತಿ ಫೈಬರ್‌ನಿಂದ ಸ್ಪಂದಗಳ ಸಾಲೊಂದನ್ನು ಹೊರತೆಗೆದು, ಅವನ್ನು ಕಾಲದಲ್ಲಿಯೂ ಒಂದರ ಮೇಲೊಂದು ಪೇರಿಸಿದರೆ ಫೈಬರ್‌ಗಳ ಸಂಖ್ಯೆಯನ್ನು ತಗ್ಗಿಸಬಹುದು. ಯೇನಾ, ಮಿಷಿಗನ್ ಮತ್ತು ಬರ್ಕ್ಲಿಯ ತಂಡಗಳು ಈ ಮಾರ್ಗದಲ್ಲಿ ಕೆಲಸ ಮಾಡಿವೆ.

ಉಪಯೋಗಗಳು

ಪ್ಲಾಸ್ಮಾದಲ್ಲಿ ಲೇಸರ್ ಎಬ್ಬಿಸುವ ಅಲೆಯ ಮೇಲೆ ಎಲೆಕ್ಟ್ರಾನುಗಳನ್ನು ವೇಗೋತ್ಕರ್ಷಿಸುವ ವಿಧಾನವನ್ನು ತೋಶಿಕಿ ತಾಜಿಮಾ ಮತ್ತು ಜಾನ್ ಡಾಸನ್ 1979ರಲ್ಲಿ ಸೂಚಿಸಿದರು. ಕಣ ಸಂಘರ್ಷಕದಲ್ಲಿ ಅಪರೂಪದ ಘಟನೆಗಳನ್ನು ಕಾಣಲು ಸೆಕೆಂಡಿಗೆ ಅಪಾರ ಸಂಖ್ಯೆಯ ಡಿಕ್ಕಿಗಳು ಬೇಕಾಗುವುದರಿಂದ, ಸೆಕೆಂಡಿಗೆ ಒಂದು ಸ್ಪಂದ ಕೊಡುವ ಲೇಸರ್ ಅಲ್ಲಿ ಪ್ರಯೋಜನಕ್ಕೆ ಬಾರದು. ಸಂಸಕ್ತ ಸಂಯೋಜನೆಯ ಮೇಲಿನ ಆಸಕ್ತಿಯ ಮೂಲ ಬಹುಮಟ್ಟಿಗೆ ಇದೇ. ಕಕ್ಷೆಯಲ್ಲಿರುವ ಬಾಹ್ಯಾಕಾಶ ಕಸದ ಮೇಲ್ಮೈಯನ್ನು ಆವಿಯಾಗಿಸಿ, ಅದರ ವೇಗ ತಗ್ಗಿಸಿ ವಾತಾವರಣಕ್ಕೆ ಬೀಳಿಸಲು ಇಂಥ ಲೇಸರನ್ನು ಬಳಸುವ ಪ್ರಸ್ತಾವವನ್ನು ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹಯೋಗಿಗಳು 2015ರಲ್ಲಿ ಮುಂದಿಟ್ಟರು.