ಐವತ್ತು ಶಾಸನಸಭೆಗಳ ಮೇಲಣ ಕಾವಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಯುಧಧಾರಣೆಯ ಹಕ್ಕನ್ನು ಕುರಿತು ಮಾತೆತ್ತಿದೊಡನೆ ಎಲ್ಲರ ದೃಷ್ಟಿಯೂ 1791ರಲ್ಲಿ ಅಂಗೀಕೃತವಾದ ಎರಡನೆಯ ತಿದ್ದುಪಡಿಯ ಮೇಲೂ ವಾಷಿಂಗ್ಟನ್ನಿನ ಕಾಂಗ್ರೆಸ್ಸಿನ ಮೇಲೂ ನೆಡುವುದು ಸಹಜವಾದರೂ, ಸಾಮಾನ್ಯ ಗೃಹಸ್ಥನೊಬ್ಬನು ಪಿಸ್ತೂಲನ್ನು ಕೊಳ್ಳಬಹುದೇ, ಅದನ್ನು ಸೊಂಟದಲ್ಲಿ ಧರಿಸಿ ಬೀದಿಗಿಳಿಯಬಹುದೇ, ಅದರಲ್ಲಿ ಎಷ್ಟು ಗುಂಡುಗಳನ್ನು ತುಂಬಬಹುದು ಎಂಬಿವೇ ಮೊದಲಾದ ನಿತ್ಯದ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಬಹುಮಟ್ಟಿಗೆ ಐವತ್ತು ರಾಜ್ಯಗಳ ಶಾಸನಗ್ರಂಥಗಳಲ್ಲಿ. ಆದುದರಿಂದಲೇ ಈ ಹಕ್ಕನ್ನು ನಂಬಿದವರು ರಾಜ್ಯಗಳ ಮಸೂದೆಗಳ ಬೆನ್ನು ಹತ್ತುವುದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು.

ಆದಿಯಲ್ಲಿ ಇಂಥ ಕಾವಲೇನೂ ಇರಲಿಲ್ಲ. ಮರೆಮಾಡಿದ ಆಯುಧವನ್ನು ಒಯ್ಯಕೂಡದೆಂದು ಕೆಂಟಕಿಯು 1813ರಲ್ಲಿ ಮಾಡಿದ ಕಾಯಿದೆಯನ್ನು ಅಲ್ಲಿಯ ನ್ಯಾಯಾಲಯವೇ 1822ರಲ್ಲಿ ರದ್ದುಗೊಳಿಸಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರು ಅನುಮತಿಪತ್ರವಿಲ್ಲದೆ ಬಂದೂಕನ್ನು ಇರಿಸಿಕೊಳ್ಳಕೂಡದೆಂದು ಮಿಸಿಸಿಪಿಯು 1865ರಲ್ಲಿ ವಿಧಿಸಿದಾಗಲಾದರೋ, ಆ ಅನ್ಯಾಯವನ್ನು ಮುಂಚಿತವಾಗಿ ಅರಿತು ತಡೆಯಬಲ್ಲವರು ಯಾರೂ ಇರಲಿಲ್ಲ. ಗುರಿಕಾರಿಕೆಯ ಶಿಕ್ಷಣಕ್ಕೆಂದು 1871ರಲ್ಲಿ ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1934ರಲ್ಲಿ ಶಾಸನವಿಭಾಗವೊಂದನ್ನು ತೆರೆದು, ಮಸೂದೆಗಳ ಸಾರವನ್ನೂ ವಿಮರ್ಶೆಯನ್ನೂ ಸದಸ್ಯರಿಗೆ ಅಂಚೆಯ ಮೂಲಕ ಕಳುಹಿಸತೊಡಗಿದುದೇ ಈ ಕಾರ್ಯದ ನಿಜವಾದ ಆರಂಭವೆನ್ನಬಹುದು. 1968ರ ಬಂದೂಕು ನಿಯಂತ್ರಣ ಕಾಯಿದೆಯ ತರುವಾಯ ಕೇಂದ್ರ ಸರಕಾರವೇ ವ್ಯಾಪಾರಿಗಳ ಉಪಯೋಗಕ್ಕಾಗಿ ರಾಜ್ಯಶಾಸನಗಳ ಸಂಕಲನವನ್ನು ಹೊರತಂದಿತಾದರೂ, ಅದು ಹುಟ್ಟಿದ ಕಾನೂನುಗಳ ಪಟ್ಟಿಯೇ ಹೊರತು ಗರ್ಭಸ್ಥವಾದ ಮಸೂದೆಯ ಸುಳಿವನ್ನು ಕೊಡುವಂಥದಾಗಿರಲಿಲ್ಲ.

1981ರಲ್ಲಿ ಷಿಕಾಗೋ ಬಳಿಯ ಮಾರ್ಟನ್ ಗ್ರೋವ್ ಎಂಬ ಸಣ್ಣ ಊರು ತನ್ನ ಎಲ್ಲೆಯೊಳಗೆ ಕೈಬಂದೂಕುಗಳನ್ನು ನಿಷೇಧಿಸಿದಾಗ, ರಾಜಧಾನಿಗಳನ್ನಷ್ಟೇ ಕಾದರೆ ಸಾಲದು, ಪುರಸಭೆಗಳ ಕಾರ್ಯಸೂಚಿಯನ್ನೂ ಓದಬೇಕೆಂಬ ಅರಿವು ಮೂಡಿತು. ಬಂದೂಕಿನ ವಿಷಯದಲ್ಲಿ ಶಾಸನ ಮಾಡುವ ಅಧಿಕಾರ ರಾಜ್ಯಕ್ಕಲ್ಲದೆ ಊರುಗಳಿಗಿಲ್ಲವೆಂದು ವಿಧಿಸುವ ಕಾಯಿದೆಗಳು ಬಹುಪಾಲು ರಾಜ್ಯಗಳಲ್ಲಿ ಹಬ್ಬಿದುದು ಈ ಅರಿವಿನ ಫಲವೇ. ಆದರೆ ಈ ಇತಿಹಾಸದ ನಡುಗಂಬವೆಂದು ನಾನು ಎಣಿಸುವುದು ಫ್ಲಾರಿಡಾದ 1987ರ ಶಾಸನವನ್ನು. ಅದಕ್ಕೆ ಮುಂಚೆ ಅನೇಕ ಕಡೆ ಮರೆಮಾಡಿದ ಆಯುಧವನ್ನು ಒಯ್ಯುವ ಅನುಮತಿಪತ್ರವನ್ನು ಕೊಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆಗೆ ಸೇರಿದ್ದು, ಅಂಥ ವಿವೇಚನೆಯು ಪ್ರಭಾವಶಾಲಿಗಳಿಗೆ ಒಲಿದು ಬಡವರಿಗೆ ಮುನಿಯುವುದೇ ಹೆಚ್ಚು. ವಯಸ್ಸು, ಬೆರಳಚ್ಚು, ತರಬೇತಿ, ನಿಷ್ಕಳಂಕ ಪೂರ್ವಚರಿತ್ರೆ ಇವು ಸರಿಯಾಗಿದ್ದ ಬಳಿಕ ಅನುಮತಿಯನ್ನು ನಿರಾಕರಿಸುವಂತಿಲ್ಲವೆಂದು ಫ್ಲಾರಿಡಾ ವಿಧಿಸಿತು. ಅಂದಿನಿಂದ ಯಾವ ರಾಜ್ಯ ಯಾವ ವರ್ಗಕ್ಕೆ ಸೇರಿತೆಂದು ಭೂಪಟಕ್ಕೆ ಬಣ್ಣ ಬಳಿಯುವ ಪದ್ಧತಿ ರೂಢಿಗೆ ಬಂದಿತು. ಅನುಮತಿಯೇ ಬೇಡವೆಂಬ ಪಂಗಡದಲ್ಲಿ ವರ್ಮಾಂಟ್ ಬಹುಕಾಲ ಒಂಟಿಯಾಗಿತ್ತು. 2003ರಲ್ಲಿ ಅಲಾಸ್ಕಾ ಜತೆಗೂಡಿತು. 2024ರ ವೇಳೆಗೆ ಅಂಥ ರಾಜ್ಯಗಳು 29 ಆದವು.

ಮಸೂದೆಯನ್ನು ಓದಲು ಅವಕಾಶವೇ ಇಲ್ಲದೆ ಹೋದರೆ ಏನಾದೀತೆಂಬುದನ್ನು 2013ರ ನ್ಯೂಯಾರ್ಕಿನಲ್ಲಿ ಕಾಣಬಹುದು. ಹಿಂದಿನ ಡಿಸೆಂಬರಿನಲ್ಲಿ ನೆರೆರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಹಿರಿಯರೂ ಗುಂಡಿಗೆ ಬಲಿಯಾಗಿದ್ದರು. ಆ ಶೋಕದಲ್ಲಿ ಪಾಲ್ಗೊಳ್ಳದವರು ಯಾರೂ ಇರಲಿಲ್ಲ. ಆದರೆ ಮತದಾನಕ್ಕೆ ಮುಂಚೆ ಮಸೂದೆಯು ಮೂರು ದಿನ ಸದಸ್ಯರ ಮೇಜಿನ ಮೇಲಿರಬೇಕೆಂಬ ರಾಜ್ಯ ಸಂವಿಧಾನದ ನಿಯಮವನ್ನು ರಾಜ್ಯಪಾಲ ಆಂಡ್ರ್ಯೂ ಕುವೋಮೋ ತುರ್ತಿನ ಸಂದೇಶದಿಂದ ಬದಿಗಿರಿಸಿದರು. ಜನವರಿ 14ರ ರಾತ್ರಿ ಸೆನೆಟ್ಟಿನಲ್ಲಿ ಗೆದ್ದ ಬಂದೂಕು ನಿಯಂತ್ರಣದ ಮಸೂದೆಗೆ ಮರುದಿನವೇ ಅವರ ಸಹಿಯೂ ಬಿದ್ದಿತು. ಅವಸರದ ಫಲವೇನು? ಏಳು ಗುಂಡಿಗಿಂತ ಹೆಚ್ಚು ಹಿಡಿಸುವ ಮ್ಯಾಗಜೀನನ್ನು ಮಾರಕೂಡದೆಂದಿತು ಕಾಯಿದೆ, ಬಹುಪಾಲು ಪಿಸ್ತೂಲುಗಳಿಗೆ ಏಳರ ಮ್ಯಾಗಜೀನನ್ನು ತಯಾರಿಸುವವರೇ ಇರಲಿಲ್ಲ. ಪೋಲೀಸರಿಗೆ ವಿನಾಯಿತಿ ಕೊಡುವ ವಿಧಿಯೂ ಸ್ಪಷ್ಟವಾಗಿ ಸೇರಿರಲಿಲ್ಲ. ಏಳು ಗುಂಡಷ್ಟೇ ತುಂಬಬೇಕೆಂಬ ವಿಧಿಯನ್ನು ಅದೇ ವರ್ಷದ ಕೊನೆಗೆ ಫೆಡರಲ್ ನ್ಯಾಯಾಧೀಶರು ತಳ್ಳಿಹಾಕಿದರು.

ಇದಕ್ಕೆ ವ್ಯತಿರಿಕ್ತವಾದುದು ವರ್ಜೀನಿಯಾದ ನಿದರ್ಶನ. 2019ರ ಚುನಾವಣೆಯಲ್ಲಿ ಎರಡು ಸದನಗಳೂ ಡೆಮಾಕ್ರಟರ ವಶವಾದೊಡನೆ, ಬರಲಿರುವ ಮಸೂದೆಗಳನ್ನು ಅಧಿವೇಶನಕ್ಕೆ ಮುನ್ನವೇ ಓದಿ ತಿಳಿದಿದ್ದ ಜನ ಅವುಗಳನ್ನು ವಿರೋಧಿಸಿ ಕೌಂಟಿಗಳಲ್ಲಿ ಸಾಲುಸಾಲಾಗಿ ನಿರ್ಣಯಗಳನ್ನು ಮಾಡಿಸಿದರು. 2020ರ ಜನವರಿ 20ರಂದು ಇಪ್ಪತ್ತು ಸಾವಿರಕ್ಕೂ ಮಿಕ್ಕವರು ರಿಚ್ಮಂಡಿನಲ್ಲಿ ಶಾಂತಿಯಿಂದ ನೆರೆದರು. ಕೆಲವು ಬಗೆಯ ರೈಫಲುಗಳನ್ನು ನಿಷೇಧಿಸುವ ಮಸೂದೆಯನ್ನು ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯು ಪಕ್ಕಕ್ಕಿಟ್ಟಾಗ ನಾಲ್ವರು ಡೆಮಾಕ್ರಟರೂ ಅದಕ್ಕೆ ಸಮ್ಮತಿಸಿದ್ದರು. ಉಳಿದ ಹಲವು ಮಸೂದೆಗಳು ಕಾಯಿದೆಗಳಾದವೆಂಬುದನ್ನೂ ಮರೆಯುವಂತಿಲ್ಲ.

2022ರ ಜೂನ್ 23ರಂದು ಸುಪ್ರೀಂ ಕೋರ್ಟು ಬ್ರೂಯೆನ್ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಹಳೆಯ ಅನುಮತಿಪದ್ಧತಿಯನ್ನು ಅಸಿಂಧುವೆಂದು ಸಾರಿದ ಮೇಲೆ ಈ ಕಾರ್ಯದ ಸ್ವರೂಪವೇ ಬದಲಾಯಿತು. ಎಂಟೇ ದಿನಗಳಲ್ಲಿ ಆ ರಾಜ್ಯವು ಟೈಮ್ಸ್ ಸ್ಕ್ವೇರ್, ಉದ್ಯಾನ, ಸುರಂಗರೈಲು ಮೊದಲಾದೆಡೆ ಆಯುಧವನ್ನು ನಿಷೇಧಿಸುವ ಹೊಸ ಕಾಯಿದೆಯನ್ನು ಮಾಡಲು, ನ್ಯಾಯಾಲಯಗಳು ಅದರ ಕೆಲವು ವಿಧಿಗಳನ್ನು ತಡೆದು ಕೆಲವನ್ನು ಎತ್ತಿಹಿಡಿದವು. ಸಹಿ ಬಿದ್ದಲ್ಲಿಗೆ ಮುಗಿಯುತ್ತಿದ್ದ ವೀಕ್ಷಣೆ ಈಗ ತಡೆಯಾಜ್ಞೆಗಳ ಜಾಡನ್ನೂ ಹಿಡಿಯಬೇಕಾಗಿದೆ.

ಈ ಕ್ಷೇತ್ರಕ್ಕೆ ತಗುಲಿದ ರೋಗವೊಂದುಂಟು. ಸಮಿತಿಯಲ್ಲಿಯೇ ಸಾಯುವ ಮಸೂದೆಗೂ ಸಹಿಗೆ ಸಿದ್ಧವಾದ ಮಸೂದೆಗೂ ಒಂದೇ ಸ್ವರದಲ್ಲಿ ಅಪಾಯವನ್ನು ಸಾರಿ, ಅದೇ ಪತ್ರದಲ್ಲಿ ಚಂದಾ ಬೇಡುವ ಚಾಳಿ ಅದು. ಹಕ್ಕಿನ ಹಿತೈಷಿಗಳೇ ಅದನ್ನು ಖಂಡಿಸಬೇಕು. ಕಾಯಿದೆಯನ್ನು ಅರಿಯದವನಿಗೆ ಒದಗುವ ಕಷ್ಟವಾದರೂ ಕಲ್ಪಿತವಲ್ಲ: 2013ರಲ್ಲಿ ಪೆನ್ಸಿಲ್ವೇನಿಯಾದ ಅನುಮತಿಪತ್ರ ಹೊಂದಿದ್ದ ತಾಯಿಯೊಬ್ಬಳು ಪಕ್ಕದ ನ್ಯೂಜೆರ್ಸಿಯಲ್ಲಿ ಕಾರು ತಡೆದ ಪೋಲೀಸನಿಗೆ ತನ್ನಲ್ಲಿ ಪಿಸ್ತೂಲಿದೆಯೆಂದು ತಾನಾಗಿಯೇ ತಿಳಿಸಿ ಬಂಧನಕ್ಕೊಳಗಾದಳು, ರಾಜ್ಯಪಾಲರ ಕ್ಷಮಾದಾನ ದೊರೆತದ್ದು 2015ರಲ್ಲಿ. ಅಮೆರಿಕದ ಪೌರತ್ವವನ್ನೋ ಶಾಶ್ವತ ನಿವಾಸವನ್ನೋ ಪಡೆದು ಆಯುಧವನ್ನು ಹೊಂದಬಯಸುವ ಕನ್ನಡಿಗರು ಪರರ ಎಚ್ಚರಿಕೆಯ ಪತ್ರವನ್ನಷ್ಟೇ ನಂಬದೆ, ತಮ್ಮ ಶಾಸನಸಭೆಯು ಪ್ರಕಟಿಸುವ ಮೂಲಪಾಠವನ್ನೇ ಓದಲಿ. ಗಡಿಯನ್ನು ದಾಟುವ ಮುನ್ನ ನೆರೆರಾಜ್ಯದ ಕಾಯಿದೆಯನ್ನೂ ಓದಿಕೊಳ್ಳಲಿ.