ಕಂದು ಬಣ್ಣದ ಪುಟ್ಟ ಸಮುದ್ರ

ನಮ್ಮ ಶಿರಗುಪ್ಪಿಯಿಂದ ಕಡಲು ದೂರ. ಆದ್ರೂ ಬೋರ್‌ವೆಲ್ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಮನೆಯಲ್ಲೇ ಒಂದು ಪುಟ್ಟ ಸಮುದ್ರ ಮಾಡಿದ್ದೆ. ಮೂರನೇ ವಾರಕ್ಕೆ ಮರಳು, ಕಲ್ಲು, ಗಾಜು ಎಲ್ಲಾ ಕಂದು! ಬೇಸತ್ತು ಚೆಲ್ಲಿಬಿಡಲು ಹೊರಟಾಗ ಅವ್ವ ಅಂದ್ಲು: “ಕೆರಿ ಹಸಿರಾದ್ರ ಕೆರಿ ಒಡೀತಾರೇನೋ ತಮ್ಮಾ? ಒಳಗ ಏನ್ ಹರದು ಬರಾಕತ್ತೈತಿ, ಅದನ್ನ ನೋಡು.”

ಇದೇ ಪಜೀತಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್‌ಗೂ ಆಗಿತ್ತು. 1849ರಲ್ಲಿ ಆತ ತೊಟ್ಟಿಯೊಂದರಲ್ಲಿ ಎರಡು ಮೀನು, ಒಂದು ನೀರುಗಿಡ ಇಟ್ಟ. ಗಿಡ ಆಮ್ಲಜನಕ ಕೊಟ್ಟಿತು. ಆದರೆ ಅದರ ಎಲೆ ಕೊಳೆತು ನೀರು ಕದಡಿತು, ಪಾಚಿ ಕಟ್ಟಿತು. ಆತ ತೊಟ್ಟಿ ಬಿಸಾಡಲಿಲ್ಲ, ಬಸವನಹುಳು ಬಿಟ್ಟ. ನೀರು ತಿಳಿಯಾಯಿತು. 1850ರಲ್ಲಿ ಅದನ್ನು ಪ್ರಕಟಿಸಿ, ಮುಂದೆ ಸಮುದ್ರದ ನೀರಿನಲ್ಲೂ ಪ್ರಯೋಗ ಮಾಡಿದ. 1853ರಲ್ಲಿ ಲಂಡನ್ ಮೃಗಾಲಯದ ಅಕ್ವೇರಿಯಂ ಜನರಿಗೆ ತೆರೆಯಿತು.

ಅವ್ವನ ಮಾತಿನಂತೆ ನಾನೂ ಒಳಗೆ ಬರುವುದನ್ನು ನೋಡಿದೆ. ಕಂದು ಪುಡಿ ಅಂದ್ರೆ ಡಯಾಟಮ್. ಹೊಸ ತೊಟ್ಟಿಯಲ್ಲಿ ಸಾಮಾನ್ಯ, ನೀರಿನ ಸಿಲಿಕೇಟ್ ಅದರ ಊಟ. ಹಸಿರು ಎಳೆ ಬಂದರೆ ನೈಟ್ರೇಟ್, ಫಾಸ್ಫೇಟ್ ಹೆಚ್ಚಾಗಿವೆ, ಅಂದ್ರೆ ಮೀನಿಗೆ ಹಾಕುವ ಆಹಾರ ಅತಿಯಾಗಿರಬಹುದು. ಕೆಂಪು ಲೋಳೆ ನಿಜವಾಗಿ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ.

ಬೋರ್ ನೀರು ಬಿಟ್ಟು ಆರ್‌ಒ-ಡಿಐ ನೀರು ತಂದೆ, ದೀಪದ ಹೊತ್ತು ಇಳಿಸಿದೆ, ಉಪ್ಪುನೀರಿನ ಬಸವನಹುಳು ಬಿಟ್ಟೆ. ಕೆಲ ವಾರಗಳಲ್ಲಿ ಕಂದು ತಾನೇ ಕರಗಿತು. ಮೀನು ತರೋದು ಆಮೇಲೆ. ಅವಸರ ಮಾಡಿದ್ದು ನಾನು, ಪಾಚಿ ಬರೀ ಲೆಕ್ಕ ಒಪ್ಪಿಸಿತ್ತು.