ಕೋಡಿಕ್ಕರೈಯ ಹಕ್ಕಿ, ಕ್ಯಾಸನೂರಿನ ಕಾಡು

ತಂಜಾವೂರಿಗೆ ಯಾತ್ರೆ ಹೋದವರು ದೇವಾಲಯ ನೋಡಿ ಹಿಂದಿರುಗುವುದು ವಾಡಿಕೆ. ಮುಂದಿನ ಸಲ, ಧನುರ್ಮಾಸದ ದಿನಗಳಾದರೆ, ಇನ್ನೊಂದು ಹಗಲನ್ನು ಉಳಿಸಿಕೊಂಡು ವೇದಾರಣ್ಯದ ದಾರಿ ಹಿಡಿಯಿರಿ. ಅಲ್ಲಿಂದ ತೆಂಕಣಕ್ಕೆ ಹತ್ತು ಹನ್ನೊಂದು ಕಿಲೋಮೀಟರು ಹೋದರೆ ಕೋಡಿಕ್ಕರೈ. ಚೋಳಮಂಡಲದ ಕರಾವಳಿ ಅಲ್ಲಿ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ನಡುದಾರಿಯಲ್ಲಿ ಸಿಕ್ಕುವ ಅಗಸ್ತ್ಯಂಪಳ್ಳಿಯಲ್ಲಿ 1930ರಲ್ಲಿ ರಾಜಾಜಿಯವರು ಉಪ್ಪಿನ ಕಾನೂನನ್ನು ಮುರಿದರು. ಆ ಕಥೆಯೇ ಬೇರೆ. ಇಂದು ನಮಗೆ ಹಕ್ಕಿಗಳ ಮಾತು.

ಬಿಸಿಲೇರುವ ಮೊದಲೇ ಜೌಗಿನ ಅಂಚಿಗೆ ಹೋಗಿ ನಿಲ್ಲಿರಿ. ದೂರದಲ್ಲಿ ಬೆಳ್ಳಗೆ ಗೆರೆ ಎಳೆದಂತೆ ಕಾಣುವುದು ರಾಜಹಂಸಗಳ ಹಿಂಡು. ಕೊಕ್ಕನ್ನು ತಲೆಕೆಳಗು ಮಾಡಿ, ಉಪ್ಪುನೀರನ್ನು ಸೋಸಿ ಸೋಸಿ ತಿನ್ನುತ್ತವೆ. ಎಲ್ಲರ ಕಣ್ಣೂ ಅವುಗಳ ಮೇಲೆಯೇ. ತಾವು ಮಾತ್ರ ಕಾಲಬಳಿಯ ಕೆಸರನ್ನೂ ನೋಡಿರಿ. ಅಲ್ಲಿ ಓಡಾಡುವ ಮುಷ್ಟಿಗಾತ್ರದ ಉಲ್ಲಂಕಿಗಳಲ್ಲಿ ಹಲವು ಸೈಬೀರಿಯದಿಂದ ಬಂದವು. ಅದೃಷ್ಟವಿದ್ದರೆ ಒಂದರ ಕಾಲಿನಲ್ಲಿ ಸಣ್ಣ ಲೋಹದ ಬಳೆ ಕಂಡೀತು.

ಆ ಬಳೆಯ ಕಥೆಗೂ ನಮ್ಮ ಮಲೆನಾಡಿಗೂ ನಂಟುಂಟು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆ, ಕ್ಯಾಸನೂರು ಕಾಡಿನಲ್ಲಿ, ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸೌದೆಗೆಂದು, ದನ ಮೇಯಿಸಲೆಂದು ಕಾಡಿಗೆ ಹೋದವರು ಜ್ವರದಿಂದ ಮಲಗಿದರು. ಕೆಲವರು ಏಳಲೇ ಇಲ್ಲ. ಪುಣೆಯ ವಿಜ್ಞಾನಿಗಳು ಪರೀಕ್ಷಿಸಿ ನೋಡಲು, ಈ ರೋಗದ ವೈರಸ್ಸು ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವೆಂದು ತಿಳಿದುಬಂದಿತು. ಅಷ್ಟು ದೂರದ ರೋಗ ಸೊರಬಕ್ಕೆ ಬಂದುದು ಹೇಗೆ? ಸಂಶಯ ವಲಸೆ ಹಕ್ಕಿಗಳ ಮೇಲೆ ಬಿದ್ದಿತು. ಅವುಗಳ ಮೈಗೆ ಅಂಟಿಕೊಂಡು ಉಣ್ಣೆಗಳು ಬಂದಿರಬಹುದಲ್ಲವೆ?

ಆಪಾದನೆ ಬಂದ ಮೇಲೆ ವಿಚಾರಣೆಯಾಗಬೇಕು. ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, 1959ರಲ್ಲಿ ಕೆಲಸ ತೊಡಗಿತು. ಹಕ್ಕಿಯನ್ನು ನವಿರಾದ ಬಲೆಯಲ್ಲಿ ಹಿಡಿಯುವುದು, ಮೈಮೇಲಿನ ಉಣ್ಣೆಗಳನ್ನು ಆರಿಸಿ ತೆಗೆಯುವುದು, ಅಂಕಿಯುಳ್ಳ ಬಳೆ ತೊಡಿಸಿ ಬಿಡುವುದು. ದೇಶದ ನಾನಾ ಕಡೆ ಬಲೆ ಹಾಕಿದರು, ಕೋಡಿಕ್ಕರೈಯಲ್ಲಿಯೂ ಹಾಕಿದರು. ಕೊನೆಗೆ ರೋಗವನ್ನು ಹಕ್ಕಿಗಳೇ ತಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಮಂಗನ ಕಾಯಿಲೆಯೇನೋ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ತಿಳಿವಳಿಕೆ ಆ ಬಳೆಗಳಿಂದ ಬಹುವಾಗಿ ಬೆಳೆಯಿತು. ಅಪರಾಧಿಯನ್ನು ಹುಡುಕಹೊರಟವರು ಅತಿಥಿಯ ಊರಿನ ವಿಳಾಸ ಪಡೆದುಬಂದರೆನ್ನಬಹುದು!

ಕೋಡಿಕ್ಕರೈ 1967ರಲ್ಲಿ ವನ್ಯಧಾಮವಾಯಿತು; 2002ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಮಧ್ಯಾಹ್ನದ ಬಿಸಿಲಿಗೆ ಹಕ್ಕಿಗಳು ಮಂಕಾದಾಗ ಕೃಷ್ಣಮೃಗಗಳನ್ನು ನೋಡಿಕೊಂಡು, ರಾಮಪಾದದ ದಿಬ್ಬ ಹತ್ತಿಬನ್ನಿ. ಸಂಜೆಗೆ ಮತ್ತೆ ಜೌಗಿನ ಕಡೆ ಇಳಿಯಬಹುದು.

ಸತ್ತ ಹಕ್ಕಿಯ ಕಾಲಿನಲ್ಲಿ ಎಲ್ಲಿಯಾದರೂ ಬಳೆ ಕಂಡರೆ, ಅದು ತಮ್ಮ ಊರ ಕೆರೆಯ ದಂಡೆಯೇ ಆಗಿರಲಿ, ಅಂಕಿಯನ್ನೂ ದಿನವನ್ನೂ ಬರೆದುಕೊಂಡು ಬೊಂಬಾಯಿಯ ಆ ಸೊಸೈಟಿಗೆ ತಿಳಿಸಿರಿ.